ಮಂದೆಯ ಮುಂದೆ ನೂರು ಮೀಟರ್

ನಮ್ಮ ಕಣಿವೆಯಲ್ಲಿ ಹಸುವಿನ ಕಾಲು ಮುರಿದರೆ ಅದು ಕೇಡು, ಹೆಂಗಸಿನ ಕೈ ಮುರಿದರೆ ಅದು ಸಂಸಾರ. ಈ ಮಾತನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಪಾದ್ರಿಯ ಮುಂದೆಯೂ ಹೇಳಿದ್ದೇನೆ. ಅವರು ಆಗ ಕೆಮ್ಮಿದರು, ಇನ್ನೇನು ಮಾಡಿಯಾರು.

ಟಿರೋಲಿನ ಈ ಮೂಲೆಯಲ್ಲಿ ಬೇಸಿಗೆಯುದ್ದಕ್ಕೂ ಹಸುಗಳು ಮೇಲೆ ಬೆಟ್ಟದ ಹುಲ್ಲುಗಾವಲಿನಲ್ಲಿರುತ್ತವೆ. ನಮ್ಮ ಮನೆಯ ಮಂದೆಯ ಜೊತೆ ನಾನಿರುತ್ತೇನೆ. ಹಾಲು ಕರೆಯುತ್ತೇನೆ, ಚೀಸ್ ಮಾಡುತ್ತೇನೆ, ಕತ್ತಲಾದರೆ ಮಲಗುತ್ತೇನೆ. ಸೆಪ್ಟೆಂಬರಿನಲ್ಲಿ ಹಿಮ ಬೀಳುವ ಮೊದಲು ಮಂದೆ ಊರಿಗೆ ಇಳಿಯಬೇಕು. ಬೇಸಿಗೆ ಸುಸೂತ್ರವಾಗಿ ಕಳೆದಿದ್ದರೆ ಹಸುಗಳ ತಲೆಗೆ ಹೂವಿನ ಕಿರೀಟ ಕಟ್ಟಿ ಇಳಿಸುತ್ತೇವೆ. ಮುಂದಾಳು ಹಸುವಿನ ಕಿರೀಟ ಎಲ್ಲಕ್ಕಿಂತ ದೊಡ್ಡದು, ಅದರ ನಡುವೆ ಒಂದು ಪುಟ್ಟ ಕನ್ನಡಿ, ದೃಷ್ಟಿ ತಾಗದಿರಲೆಂದು. ಮನೆಗೆ ಕೇಡಾಗಿದ್ದರೆ ಹೂವಿಲ್ಲ. ಮನುಷ್ಯ ಸತ್ತರೂ ಅಷ್ಟೇ, ಹಸು ಕಮರಿಗೆ ಬಿದ್ದರೂ ಅಷ್ಟೇ. ಮಂದೆ ಬೋಳು ತಲೆಯಲ್ಲಿ ಇಳಿಯುತ್ತದೆ, ಬೀದಿಯಲ್ಲಿ ನಿಂತವರು ಟೋಪಿ ತೆಗೆಯುತ್ತಾರೆ.

ನಾನು ಚಿಕ್ಕವಳಿದ್ದಾಗ ಒಂದು ಬೇಸಿಗೆ ನಮ್ಮ ಕಡಸಿಗೆ ಸಿಡಿಲು ಬಡಿಯಿತು. ಆ ವರ್ಷ ಮಂದೆ ಬೋಳಾಗಿ ಇಳಿಯಿತು, ಅಪ್ಪ ಅತ್ತ. ಮರುವರ್ಷ ಅಪ್ಪ ಅಮ್ಮನ ಬಲಗೈ ಮುರಿದ. ಆ ವರ್ಷ ಕಿರೀಟ ಎಂದಿಗಿಂತ ದೊಡ್ಡದಾಗಿತ್ತು. ಕಾಗದದ ಗುಲಾಬಿಗಳನ್ನು ಅಮ್ಮ ಎಡಗೈಯಲ್ಲಿ, ಹಲ್ಲಿನಲ್ಲಿ ದಾರ ಕಚ್ಚಿಕೊಂಡು ಕಟ್ಟಿದ್ದಳು. ಮೂಳೆ ಸೊಟ್ಟಗೆ ಕೂಡಿಕೊಂಡಿತು, ಇವತ್ತಿಗೂ ಅವಳ ಆ ಕೈ ನೆಟ್ಟಗಾಗುವುದಿಲ್ಲ. ನೀನೇಕೆ ಮದುವೆಯಾಗಲಿಲ್ಲ ಅಫ್ರಾ ಎಂದು ಕೇಳಿದವರಿಗೆ ನಾನು ಆ ಕೈ ತೋರಿಸುತ್ತಿದ್ದೆ. ಎರಡನೇ ಸಲ ಯಾರೂ ಕೇಳುತ್ತಿರಲಿಲ್ಲ.

ರೆಗೀನಾ ನನ್ನ ತಮ್ಮ ಲೋರೆನ್ಸನ ಹೆಂಡತಿ. ಹೋದ ವರ್ಷ ಸೆಪ್ಟೆಂಬರಿನ ಒಂದು ಬೆಳಿಗ್ಗೆ ನಾನು ಚೀಸಿನ ಗಟ್ಟಿಗಳಿಗೆ ಉಪ್ಪು ಉಜ್ಜುತ್ತಿದ್ದಾಗ ಅವಳು ಬೆಟ್ಟ ಹತ್ತಿ ಬರುವುದು ಕಂಡಿತು. ಪಕ್ಕೆಯನ್ನು ಕೈಯಿಂದ ಒತ್ತಿಕೊಂಡು ನಿಂತು ನಿಂತು ಬರುತ್ತಿದ್ದಳು. ಹತ್ತಿರ ಬಂದಾಗ ಮುಖ ನೋಡಿದೆ. ಒಂದು ಕಣ್ಣು ಪೂರ್ತಿ ಮುಚ್ಚಿಹೋಗಿತ್ತು. ಯಾರು ಹೊಡೆದರೆಂದು ಕೇಳುವ ಅಗತ್ಯವಿರಲಿಲ್ಲ. ಬೆಂಚಿನ ಮೇಲೆ ಕೂರಿಸಿ ಒಂದು ಗುಟುಕು ಶ್ನಾಪ್ಸ್ ಸಾರಾಯಿ ಬಗ್ಗಿಸಿದೆ.

"ಈ ಸಲ ಯಾತಕ್ಕೆ?"

"ಹುಲ್ಲು ನೆನೀತು," ಎಂದಳು ರೆಗೀನಾ. "ಎರಡನೇ ಕೊಯ್ಲಿಂದು. ನಾನು ಹಲ್ಲಿನ ಡಾಕ್ಟ್ರ ಹತ್ರ ಹೋಗಿದ್ದೆ, ಅಷ್ಟರಲ್ಲಿ ಮಳೆ ಬಂತು. ಮಳೆ ತರಿಸಿದ್ದೂ ನಾನೇ ಅಂತ ಇಟ್ಕೋ."

"ಯಾವುದ್ರಲ್ಲಿ ಹೊಡ್ದ?"

"ಹುಲ್ಲು ಬಾಚೋ ಕೋಲಲ್ಲಿ. ಪಕ್ಕೆಲುಬು ಬಿರುಕು ಬಿಟ್ಟಿದೆಯಂತೆ." ಒಂದೇ ಗುಟುಕಿಗೆ ಲೋಟ ಖಾಲಿ ಮಾಡಿದಳು. "ನಾನು ಪೊಲೀಸ್ರಿಗೆ ಫೋನ್ ಮಾಡ್ದೆ ಅಫ್ರಾ."

ಬಾಟಲಿ ನನ್ನ ಕೈಯಲ್ಲೇ ನಿಂತಿತು. ನಮ್ಮ ಮನೆತನದಲ್ಲಿ ಪೊಲೀಸರನ್ನು ಕರೆದದ್ದು ಒಂದೇ ಸಲ, ಯಾರೋ ಟ್ರ್ಯಾಕ್ಟರ್ ಕದ್ದಾಗ.

"ನೀನೇ ಮಾಡ್ದಾ?"

"ನಾನೇ. ಊರವರೆಲ್ಲ ಕೇಳ್ತಿರೋದೂ ಅದನ್ನೇ, ಯಾರು ಫೋನ್ ಮಾಡಿದ್ದು ಅಂತ. ಯಾರು ಹೊಡೆದಿದ್ದು ಅಂತ ಯಾರೂ ಕೇಳ್ತಿಲ್ಲ."

ಆಮೇಲೆ ನಡೆದದ್ದನ್ನು ಅವಳು ಹೇಳುತ್ತಾ ಹೋದಳು, ನಾನು ಉಪ್ಪು ಮರೆತು ಕೇಳಿದೆ. ಬಂದದ್ದು ಕಾರೀನ್ ಎಂಬ ಪೊಲೀಸ್ ಹೆಂಗಸು, ಪಕ್ಕದ ಕಣಿವೆಯವಳು, ಮೂವತ್ತೂ ದಾಟಿಲ್ಲ. ಜೊತೆಗೆ ಮಾತಾಡದ ಒಬ್ಬ ಪೇದೆ. ಲೋರೆನ್ಸ್ ಏನೂ ಆಗದವನಂತೆ ಮೇಜಿನ ಮುಂದೆ ಕೂತು ಸೂಪ್ ಕುಡಿಯುತ್ತಿದ್ದ. ಕಾರೀನ್ ಮೊದಲು ರೆಗೀನಾಳನ್ನು ಬೇರೆ ಕೋಣೆಯಲ್ಲಿ ಮಾತಾಡಿಸಿ, ಮತ್ತೆ ಅಡುಗೆಮನೆಗೆ ಬಂದು ನಿಂತಳು.

"ಲೋರೆನ್ಸ್ ಅವ್ರೇ, ಇವತ್ತಿನಿಂದ ಎರಡು ವಾರ ನೀವು ಈ ಮನೆಗೆ ಕಾಲಿಡೋ ಹಾಗಿಲ್ಲ. ಮನೆಯಿಂದ ನೂರು ಮೀಟರ್ ದೂರ, ನಿಮ್ಮ ಹೆಂಡ್ತಿಯಿಂದ ನೂರು ಮೀಟರ್ ದೂರ. ಅವ್ರು ಎಲ್ಲಿದ್ರೂ ಸರಿ."

ಲೋರೆನ್ಸ್ ಚಮಚ ಕೆಳಗಿಟ್ಟ. "ಏ ಹುಡುಗಿ, ಇದು ಯಾರ ಮನೆ ಗೊತ್ತಾ ನಿಂಗೆ? ನಮ್ಮಜ್ಜನ ಅಜ್ಜ ಕಟ್ಟಿಸಿದ್ದು."

"ಯಾರು ಕಟ್ಟಿಸಿದ್ದು ಅಂತ ನಾನು ಕೇಳ್ಲಿಲ್ಲ. ಬಟ್ಟೆ, ಹಲ್ಲುಜ್ಜೋ ಬ್ರಷ್ ತಗೊಳ್ಳಿ. ಮನೆ ಬೀಗದ ಕೈ ನನಗೆ ಕೊಡಿ."

ಅವನು ನಕ್ಕುಬಿಟ್ಟ. ನಗುವಂಥದ್ದೇ ಆಗಿತ್ತು. ಆ ಬಾಗಿಲಿಗೆ ಬೀಗ ಹಾಕಿದ್ದನ್ನು ನಾವ್ಯಾರೂ ನೋಡಿಲ್ಲ. ಕದಿಯಲು ಬರುವವರಿದ್ದರೂ ಅವರು ನಮ್ಮ ನೆಂಟರೇ ಆಗಿರಬೇಕು, ಅಂಥ ಊರು ನಮ್ಮದು.

ಕಾರೀನ್ ಒಲೆಯ ಪಕ್ಕ ಕೂತಿದ್ದ ಅಮ್ಮನ ಕಡೆ ತಿರುಗಿದಳು. "ಅಜ್ಜಿ, ನಿಮ್ಮ ಹತ್ರ ಇದೆಯಾ ಬೀಗದ ಕೈ?"

"ನಮ್ಮತ್ತೆ ಕಾಲದಲ್ಲೇ ಕಳೆದುಹೋಯ್ತು," ಎಂದಳು ಅಮ್ಮ.

ಲೋರೆನ್ಸನನ್ನು ಅವರ ಗಾಡಿಯಲ್ಲಿ ಕೂರಿಸಿಕೊಂಡು ಹೋದರು. ಅಮ್ಮ ಅವನ ಟೋಪಿ, ಉಣ್ಣೆಯ ಕಾಲುಚೀಲ ಹಿಡಿದುಕೊಂಡು ಅಳುತ್ತಾ ಗಾಡಿಯವರೆಗೂ ಓಡಿದಳಂತೆ. ಎಂಬತ್ತು ದಾಟಿದವಳು. ಹಿಂದಿರುಗಿ ಬಂದು ರೆಗೀನಾಳನ್ನು ನೋಡಿ ಒಂದೇ ಮಾತು ಕೇಳಿದಳು, "ಈಗ ಸಮಾಧಾನ ಆಯ್ತಾ?"

"ರಾತ್ರಿ ಬಾಗಿಲಿಗೆ ಏನು ಮಾಡ್ದೆ?" ಎಂದೆ ನಾನು.

"ಹಿಟ್ಟಿನ ಪೆಟ್ಟಿಗೆ ಎಳೆದು ಅಡ್ಡ ಇಟ್ಟೆ. ಈ ಪಕ್ಕೆಲುಬು ಇಟ್ಕೊಂಡು." ಅವಳು ನಗಲು ಹೋಗಿ ನೋವಿನಿಂದ ನಿಲ್ಲಿಸಿದಳು. "ಎರಡು ವಾರದೊಳಗೆ ನಾನು ಕೋರ್ಟಿಗೆ ಅರ್ಜಿ ಹಾಕಿದ್ರೆ ಆದೇಶ ನಾಲ್ಕು ವಾರಕ್ಕೆ ಹೋಗತ್ತೆ. ಆಮೇಲೆ ಜಡ್ಜು ಇನ್ನೂ ಮುಂದಕ್ಕೆ ಹಾಕ್ಬಹುದು. ಅರ್ಜಿ ಹಾಕದಿದ್ರೆ ಅವನು ವಾಪಸ್. ಮಂದೆ ಇಳಿದ ಮೇಲೆ ಬರೋ ಸೋಮವಾರ ಕೋರ್ಟಿಗೆ ಬಾ ಅಂದಿದಾರೆ."

"ಹೋಗ್ತೀಯಲ್ಲ?"

"ನಾನು ಹೋಗ್ತೀನಿ. ಅಲ್ಲೀವರೆಗೂ ಊರು ನನ್ನ ಕಾಲು ಹಿಡಿದು ಎಳೀದೇ ಇದ್ರೆ ಸಾಕು."

ಊರು ಬಿಡುತ್ತದೆಯೇ? ಮೇಲೆ ನಮ್ಮ ಗುಡಿಸಲಿನ ಹಿಂದೆ ಒಂದು ಮರದ ಶಿಲುಬೆ ಇದೆ, ಫೋನಿಗೆ ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ದಿನವೂ ಸಂಜೆ ಹಾಲು ಕರೆದ ಮೇಲೆ ನಾನು ಶಿಲುಬೆಯ ಬುಡದಲ್ಲಿ ನಿಂತು ಫೋನ್ ಮಾಡಿ, "ಇವತ್ತು ಯಾರು?" ಎಂದು ಕೇಳುತ್ತಿದ್ದೆ. ದಿನಕ್ಕೊಬ್ಬರು ಬರುತ್ತಿದ್ದರು.

ಮೊದಲು ಬಂದವರು ಪಾದ್ರಿ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದರಂತೆ.

"ನಮ್ಮ ಮನೇಲಿ ಉಣ್ಣೋಕೆ ಮುಂಚೇನೇ ಹೊಡೆಯೋದು ಅಂತ ಹೇಳ್ಬೇಕಿತ್ತು ನೀನು," ಎಂದೆ.

"ಹೇಳ್ದೆ. ತಟ್ಟೇಲಿದ್ದ ಕ್ನೋಡೆಲ್ ಉಂಡೆ ಮುಟ್ಟದೆ ಎದ್ದು ಹೋದ್ರು."

"ಅದೂ ಒಳ್ಳೇದೇ. ನಾಳೆಗೆ ಹುರಿದ್ಕೋ."

ಮರುದಿನ ಊರಿನ ಅಗ್ನಿಶಾಮಕ ದಳದವರು. ಲೋರೆನ್ಸ್ ಆ ದಳದ ನಾಯಕ. ಬೆಂಕಿ ಬಿದ್ದಾಗ ಧೈರ್ಯವಂತ, ಅದನ್ನು ನಾನು ಇಲ್ಲವೆನ್ನುವುದಿಲ್ಲ. ಅವನ ಕೈಕೆಳಗಿನ ಯೋಸ್ಟ್ ಎಂಬವನು ಇನ್ನಿಬ್ಬರನ್ನು ಕರೆದುಕೊಂಡು ಬಂದು, ಬಾಗಿಲಲ್ಲಿ ನಿಂತು, ಬಹಳ ವಿನಯದಿಂದ ಹೇಳಿದನಂತೆ, "ಒಂದು ಫೋನ್ ಮಾಡು ರೆಗೀನಾ. ಸಿಟ್ಟಲ್ಲಿ ಹೇಳ್ಬಿಟ್ಟೆ, ವಾಪಸ್ ತಗೋತೀನಿ ಅನ್ನು. ಮುಗೀತು."

ಇಡೀ ಊರು ಹಾಗೇ ತಿಳಿದಿತ್ತು. ಹೊಗೆಕೊಳವೆ ಗುಡಿಸುವವನಿಗೆ ಈ ವಾರ ಬರಬೇಡ ಎಂದು ಫೋನ್ ಮಾಡುತ್ತಾರಲ್ಲ, ಅಷ್ಟೇ ಸುಲಭ ಎಂದು. ಆದೇಶ ಹೆಂಡತಿಯ ಕೈಯಲ್ಲಿರುತ್ತದೆ, ಹೆಂಡತಿಯನ್ನು ಹಿಂಡಿದರೆ ಆದೇಶ ಹೊರಬರುತ್ತದೆ ಎಂದು.

"ನೀನೇನಂದೆ?"

"ಅದು ನನ್ನ ಕೈಲಿಲ್ಲ ಅಂದೆ. ನನ್ನ ಕೈಲಿದ್ದಿದ್ರೂ ವಾಪಸ್ ತಗೋತಿರ್ಲಿಲ್ಲ ಅಂತಾನೂ ಅಂದೆ."

ಅವರು ಅಲ್ಲಿಂದ ಸೀದಾ ಠಾಣೆಗೆ ಹೋದರು. ಕಾರೀನ್ ಎದ್ದು ನಿಂತು, "ಆದೇಶ ಕೊಟ್ಟಿದ್ದು ನಾನು. ಕೋಪ ಇದ್ರೆ ನನ್ನ ಮೇಲೆ ತೋರ್ಸಿ, ಅವ್ರ ಬಾಗಿಲಿಗೆ ಹೋಗ್ಬೇಡಿ," ಎಂದು ಹೇಳಿ ಕಳಿಸಿದಳು. ಈ ಹುಡುಗಿಗೆ ನಾನು ಒಂದು ಇಡೀ ಚೀಸ್ ಗಟ್ಟಿ ಕೊಡಬೇಕೆಂದಿದ್ದೆ. ಲಂಚವಾಗುತ್ತದೆ ಎಂದು ಅವಳು ಆಮೇಲೆ ತೆಗೆದುಕೊಳ್ಳಲಿಲ್ಲ.

ಲೋರೆನ್ಸ್ ಊರ ನಡುವಿನ ಹೋಟೆಲಿನಲ್ಲಿ, ಮಾಳಿಗೆಯ ಕೋಣೆಯಲ್ಲಿ ಇಳಿದುಕೊಂಡಿದ್ದ. ಸಂಜೆ ಕೆಳಗೆ ಬಂದು ಬಿಯರ್ ಮುಂದಿಟ್ಟುಕೊಂಡು ತಲೆ ತಗ್ಗಿಸಿ ಕೂರುತ್ತಿದ್ದ. ನೋಡಿದವರಿಗೆ ಕರುಳು ಚುರುಕ್ ಎನ್ನುತ್ತಿತ್ತಂತೆ. ಹೆಂಗಸರು ಅವನಿಗೆ ಸೇಬಿನ ಕೇಕ್ ಮಾಡಿ ಕಳಿಸಿದರು. ಹೊಡೆದವನಿಗೆ ಕೇಕು, ಹೊಡೆಸಿಕೊಂಡವಳಿಗೆ ಉಪದೇಶ. ನಮ್ಮ ಊರು ಮೊದಲಿನಿಂದಲೂ ಹೀಗೆಯೇ, ಈ ವಿಷಯದಲ್ಲಿ ಮಾತ್ರ ಬಹಳ ಉದಾರಿ.

ಮಂದೆ ಇಳಿಯುವ ದಿನ ಹತ್ತಿರ ಬಂತು. ನಾನು ಗುಡಿಸಲಿನಲ್ಲಿ ಕಿರೀಟ ಕಟ್ಟುತ್ತಾ ಕೂತಿದ್ದೆ. ಸುತ್ತಲೂ ಫರ್ ಮರದ ರೆಂಬೆ, ಕಾಗದದ ಹೂವು, ಬಣ್ಣದ ಪಟ್ಟಿ. ನೆರೆಯವನ ಜೀಪು ಬಂದು ನಿಂತಿತು. ಇಳಿದವಳು ಅಮ್ಮ. ಅವಳು ಬೆಟ್ಟ ಹತ್ತಿ ವರ್ಷಗಳೇ ಆಗಿದ್ದವು. ಒಳಗೆ ಬಂದು, ಕೂರದೆ, ಚೀಲದಿಂದ ಒಂದು ಕಪ್ಪು ರಿಬ್ಬನ್ ತೆಗೆದು ಮೇಜಿನ ಮೇಲೆ ಇಟ್ಟಳು.

"ಕಿರೀಟ ಬೇಡ ಈ ವರ್ಷ. ಬ್ಲೂಮಾಳ ಕೊಂಬಿಗೆ ಇದನ್ನ ಕಟ್ಟು." ಬ್ಲೂಮಾ ನಮ್ಮ ಮುಂದಾಳು ಹಸು.

"ಯಾರು ಸತ್ರು?" ಎಂದೆ ನಾನು.

"ಬಾಯಲ್ಲಿ ಒಂದು ಒಳ್ಳೆ ಮಾತು ಬರಲ್ವಾ ನಿಂಗೆ?"

"ಹಸುಗಳೆಲ್ಲ ಗಟ್ಟಿಮುಟ್ಟಾಗಿವೆ. ಕರುಗಳೂ ಇವೆ. ನಾನೂ ಇದೀನಿ. ಯಾರು ಸತ್ರು ಹೇಳು."

"ಮನೆ ಯಜಮಾನನ್ನ ಮನೆಯಿಂದ ಹೊರಗೆ ಹಾಕಿದಾರೆ. ಇದಕ್ಕಿಂತ ಕೇಡು ಇನ್ನೇನು ಬೇಕೇ? ಲೋರೆನ್ಸನೇ ಹೇಳಿ ಕಳ್ಸಿದಾನೆ. ನೀನು ಮಂದೆ ಇಳಿಸ್ಕೊಂಡು ಬಾ. ಹೋಟ್ಲು ಮುಂದಿನ ನೀರಿನ ಚಿಲುಮೆ ಹತ್ರ ಅವನು ನಿಂತಿರ್ತಾನೆ. ಅಲ್ಲಿಂದ ಕೋಲು ಅವನ ಕೈಗೆ ಕೊಡು, ಪ್ರತಿ ವರ್ಷದ ಹಾಗೆ ಅವನು ಮುಂದೆ ನಡೀಲಿ. ಊರಿನವರು ನೋಡ್ಲಿ. ರೆಗೀನಾ ಆ ಹೊತ್ತು ಮನೆ ಒಳಗಿದ್ರೆ ಆಯ್ತು."

ನನಗೆ ಎಲ್ಲ ಅರ್ಥವಾಯಿತು. ಬೋಳು ತಲೆಯ ಮಂದೆ, ಕಪ್ಪು ರಿಬ್ಬನ್, ಅದರ ಮುಂದೆ ದುಃಖದ ಮುಖ ಹೊತ್ತ ನನ್ನ ತಮ್ಮ. ಇಡೀ ಕಣಿವೆ ಟೋಪಿ ತೆಗೆಯುತ್ತದೆ. ಹಾಗೆ ಒಂದು ಸಲ ಟೋಪಿ ತೆಗೆದ ಮೇಲೆ, ಸೋಮವಾರ ಕೋರ್ಟಿಗೆ ಹೋಗುವ ರೆಗೀನಾಳ ಮುಖಕ್ಕೆ ಉಗಿಯುವುದಷ್ಟೇ ಬಾಕಿ. ಬಸ್ಸಿನವನೂ ಅವಳನ್ನು ಹತ್ತಿಸಿಕೊಳ್ಳುವುದಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. "ಅಮ್ಮ, ನಿನ್ನ ಕೈ ಮುರಿದ ವರ್ಷ ಕಿರೀಟ ಇತ್ತಲ್ಲ? ಒಂದೇ ಕೈಯಲ್ಲಿ ನೀನೇ ಕಟ್ಟಿದ್ಯಲ್ಲ? ಅದು ಕೇಡಲ್ವಾ?"

"ಅದು ಬೇರೆ."

"ಏನು ಬೇರೆ?"

ಅಮ್ಮ ಸೊಟ್ಟ ಕೈಯ ಮೇಲೆ ರವಿಕೆಯ ತೋಳು ಎಳೆದುಕೊಂಡಳು. ಅವಳಿಗೆ ಆ ಅಭ್ಯಾಸ ಮೊದಲಿನಿಂದಲೂ ಇದೆ, ನಡು ಬೇಸಿಗೆಯಲ್ಲೂ ಉದ್ದ ತೋಳಿನ ಬಟ್ಟೆಯೇ. ರಿಬ್ಬನ್ನನ್ನು ಮೇಜಿನ ಮೇಲೆ ಬಿಟ್ಟು ಜೀಪು ಹತ್ತಿದಳು.

ನಾನು ಸಂಜೆಯಾಗುವುದನ್ನು ಕಾಯದೆ ಶಿಲುಬೆಯ ಹತ್ತಿರ ಓಡಿದೆ. ಎಲ್ಲವನ್ನೂ ಹೇಳಿದೆ. ಫೋನ್ ಕಡಿದುಹೋಯಿತೆಂದು ಎರಡು ಸಲ ಹಲೋ ಎಂದೆ.

"ಕಿರೀಟ ಎಷ್ಟಾಗಿದೆ?" ಎಂದಳು ಕೊನೆಗೆ.

"ಅರ್ಧ ಮಂದೆಗೆ."

"ಎಲ್ಲಕ್ಕೂ ಮಾಡು. ಕರುಗಳಿಗೂ ಮಾಡು. ಕೇಡು ಮನೆಯಿಂದ ಹೊರಗೆ ಹೋಗಿದೆ ಅಫ್ರಾ. ಈಗ ಹೂ ಮುಡಿಸದೆ ಇನ್ಯಾವಾಗ ಮುಡಿಸೋದು?"

"ಮುಂದೆ ಯಾರು ನಡೀತಾರೆ?"

"ನಾನು."

"ಚಿಲುಮೆ ಹತ್ರ ಅವನು ನಿಂತಿರ್ತಾನೆ."

"ನಿಂತಿರ್ಲಿ ಬಿಡು."

ಮಂದೆ ಇಳಿಯುವ ದಿನ ಅವಳು ಬೆಳಗಾಗುತ್ತಲೇ ಮೇಲೆ ಬಂದಳು. ಹಬ್ಬದ ಉಡುಪು, ಕಪ್ಪು ಟೋಪಿ, ರವಿಕೆಯ ಕೆಳಗೆ ಪಕ್ಕೆಗೆ ಬಿಗಿದ ಪಟ್ಟಿ. ಕಣ್ಣು ತೆರೆದುಕೊಂಡಿತ್ತು, ಆದರೆ ಅದರ ಸುತ್ತ ಹಸಿರು, ಹಳದಿ, ನೇರಳೆ. ಟೋಪಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡರೆ ಕಾಣುವುದಿಲ್ಲ ಎಂದೆ. ಅವಳು ಟೋಪಿಯನ್ನು ತೆಗೆದು ಮೊಳೆಗೆ ನೇತುಹಾಕಿಯೇಬಿಟ್ಟಳು.

"ನೋಡ್ಲಿ. ಹುಲ್ಲು ನೆನೆದ್ರೆ ಏನಾಗತ್ತೆ ಅಂತ ಎಲ್ರೂ ಸರಿಯಾಗಿ ನೋಡ್ಲಿ."

ಮೇಜಿನ ಮೇಲಿದ್ದ ಕಪ್ಪು ರಿಬ್ಬನ್ ಕಣ್ಣಿಗೆ ಬಿತ್ತು. ಕೈಗೆತ್ತಿಕೊಂಡು ಬೆರಳಲ್ಲಿ ಸವರಿದಳು. "ಒಳ್ಳೆ ರೇಷ್ಮೆ. ಹಸುವಿಗೆ ಕಟ್ಟಿ ಹಾಳು ಮಾಡೋದ್ಯಾಕೆ?" ಎಂದು ತನ್ನ ಜಡೆಗೆ ಕಟ್ಟಿಕೊಂಡಳು.

ನಾವು ಇಳಿದೆವು. ರೆಗೀನಾ ಮುಂದೆ, ಅವಳ ಹಿಂದೆ ಬ್ಲೂಮಾ, ಬ್ಲೂಮಾಳ ಪಕ್ಕದಲ್ಲಿ ನಾನು, ಹಿಂದೆ ಮಂದೆಯಿಡೀ ಹೂವು. ಕರುಗಳಿಗೆ ಅಭ್ಯಾಸವಿಲ್ಲದೆ ತಲೆ ಕೊಡವಿ ಕೊಡವಿ ಅರ್ಧ ಹೂವನ್ನು ದಾರಿಗೆ ಚೆಲ್ಲಿದವು. ದೊಡ್ಡ ಗಂಟೆಗಳ ಸದ್ದಿಗೆ ಊರು ಬೀದಿಗೆ ಬಂದಿತ್ತು. ಪ್ರತಿ ವರ್ಷ ನಮ್ಮನ್ನು ನೋಡುತ್ತಲೇ ಕೇಕೆ ಹಾಕುವವರು ಈ ಸಲ ಸುಮ್ಮನಿದ್ದರು. ಬೋಳು ಮಂದೆ ಬರುತ್ತದೆ ಎಂದು ಅವರಿಗೆ ಆಗಲೇ ಸುದ್ದಿಯಾಗಿತ್ತು. ಕೆಲವರು ಟೋಪಿಗೆ ಕೈಹಾಕಿದ್ದರು. ಕಿರೀಟ ನೋಡಿ, ತೆಗೆಯುವುದೋ ಬಿಡುವುದೋ ತಿಳಿಯದೆ ಕೈ ಅಲ್ಲೇ ಉಳಿಯಿತು.

"ನಾಚಿಕೆ ಅನ್ನೋದೇ ಇಲ್ಲ ಇವ್ರಿಗೆ," ಎಂದಳು ಒಬ್ಬಳು, ಸೇಬಿನ ಕೇಕ್ ಕಳಿಸಿದವಳು.

"ಇದೆಯಮ್ಮ," ಎಂದೆ ನಾನು, ಗಂಟೆಯ ಸದ್ದಿಗಿಂತ ಜೋರಾಗಿ. "ನಮ್ಮನೆ ನಾಚಿಕೆ ಹೋಟ್ಲು ಮಾಳಿಗೇಲಿ ಇಳ್ಕೊಂಡಿದೆ. ಕೇಕ್ ತಿನ್ಕೊಂಡು ಚೆನ್ನಾಗಿದೆ."

ಚರ್ಚಿನ ತಿರುವು ದಾಟಿದ ಕೂಡಲೇ ಬೀದಿ ನೆಟ್ಟಗೆ ಕಾಣುತ್ತದೆ. ಅಲ್ಲಿ, ಹೋಟೆಲಿನ ಮುಂದಿನ ಚಿಲುಮೆಯ ಹತ್ತಿರ, ಲೋರೆನ್ಸ್ ನಿಂತಿದ್ದ. ಟೋಪಿಗೆ ಗರಿ ಸಿಕ್ಕಿಸಿಕೊಂಡಿದ್ದ. ಮುಖವನ್ನು ಸರಿಯಾಗಿಯೇ ಸಿದ್ಧ ಮಾಡಿಕೊಂಡು ಬಂದಿದ್ದ. ನಾನು ಬರುತ್ತೇನೆಂದು ಕೈ ಮುಂದೆ ಚಾಚಿದವನು, ಮುಂದೆ ಬರುತ್ತಿರುವುದು ರೆಗೀನಾ ಎಂದು ಕಂಡು ಕೈ ಇಳಿಸಿದ. ಆದರೆ ಅಲ್ಲಿಂದ ಕದಲಲಿಲ್ಲ.

ರೆಗೀನಾಳ ಹೆಜ್ಜೆ ಒಂದು ಕ್ಷಣ ತಡೆಯಿತು. ನಾನು ಅವಳ ಬೆನ್ನು ನೋಡುತ್ತಿದ್ದೆ. ಆಮೇಲೆ ಅವಳು ನಡೆದಳು, ಹಸುವಿನ ನಡಿಗೆಗೆ ಸರಿಯಾಗಿ, ನಿಧಾನವೂ ಅಲ್ಲ, ಅವಸರವೂ ಅಲ್ಲ.

ಪ್ರತಿ ವರ್ಷ ವಾಹನ ತಡೆಯಲು ಪೊಲೀಸರು ಬಂದಿರುತ್ತಾರೆ. ಆ ದಿನ ಬಂದಿದ್ದವಳು ಕಾರೀನ್. ಅವಳು ರಸ್ತೆ ದಾಟಿ ಲೋರೆನ್ಸನ ಹತ್ತಿರ ಹೋದಳು. ಅವರು ಏನು ಮಾತಾಡಿಕೊಂಡರೆಂದು ಆಮೇಲೆ ಇಡೀ ಊರು ನನಗೆ ಹೇಳಿತು, ಒಬ್ಬೊಬ್ಬರೂ ಅಭಿನಯ ಮಾಡಿ ತೋರಿಸಿದರು.

"ಲೋರೆನ್ಸ್ ಅವ್ರೇ, ಹೊರಡಿ."

"ನಾನು ನಿಂತಿದೀನಿ. ಬರ್ತಿರೋದು ಅವಳು. ಅವಳಿಗೆ ಹೇಳು."

"ಅವ್ರು ತಮ್ಮ ದಾರೀಲಿ ಬರ್ತಿದಾರೆ. ದೂರ ಇರ್ಬೇಕಾದವರು ನೀವು. ನಡೀತೀರೋ, ನನ್ನ ಗಾಡೀಲಿ ಕೂರ್ತೀರೋ?"

ಲೋರೆನ್ಸ್ ಎಡಕ್ಕೆ ನೋಡಿದ. ಹಸುಗಳು ಅಡ್ಡದಾರಿ ಹಿಡಿಯದಿರಲೆಂದು ಗಲ್ಲಿಗಳಿಗೆಲ್ಲ ಹಗ್ಗ ಕಟ್ಟಿ, ಬೇಲಿ ಇಟ್ಟು, ಅಗ್ನಿಶಾಮಕ ದಳದವರು ಕಾವಲು ನಿಂತಿದ್ದರು. ಅವನದೇ ದಳ. ಬಲಕ್ಕೆ ನೋಡಿದ. ಅಲ್ಲಿ ಯೋಸ್ಟ್ ನಿಂತಿದ್ದ.

"ಹಗ್ಗ ಬಿಚ್ಚೋ," ಎಂದ ಲೋರೆನ್ಸ್.

"ಹಸು ನುಗ್ಗತ್ತೆ ಕ್ಯಾಪ್ಟನ್," ಎಂದ ಯೋಸ್ಟ್, ಪಾಪ, ನಿಜವಾಗಿಯೂ ಗಾಬರಿಯಾಗಿ. "ಏನೇ ಆಗ್ಲಿ ಬಿಚ್ಚಬೇಡಿ ಅಂತ ನೀನೇ ಹೇಳಿದ್ಯಲ್ಲ?"

ನಾವು ಬರುತ್ತಲೇ ಇದ್ದೆವು. ಉಳಿದದ್ದು ಒಂದೇ ದಾರಿ, ಮುಂದಿನದು. ನನ್ನ ತಮ್ಮ ತಿರುಗಿ ನಡೆದ. ಮೊದಲು ಗಾಂಭೀರ್ಯದಿಂದ, ಗಾಳಿ ಸೇವನೆಗೆ ಹೊರಟವನಂತೆ. ಕಾರೀನ್ ಪಕ್ಕದಲ್ಲಿ ನಡೆಯುತ್ತಾ, "ಇನ್ನೂ ಸ್ವಲ್ಪ ಬೇಗ," ಎಂದಳು. ಅವನು ಹೆಜ್ಜೆ ದೊಡ್ಡದು ಮಾಡಿದ. ಹಿಂದೆ ಗಂಟೆಗಳು ಹತ್ತಿರವಾದ ಹಾಗೆಲ್ಲ ಅವನ ಹೆಜ್ಜೆ ಜೋರಾಯಿತು. ಗರಿ ಟೋಪಿಯ ಮೇಲೆ ಕುಣಿಯುತ್ತಿತ್ತು.

ಎಲ್ಲೋ ಒಬ್ಬ ಮುದುಕಿ ಮೊದಲು ನಕ್ಕಳು. ಗಂಟಲಲ್ಲಿ ತಡೆದು ತಡೆದು ಕೊನೆಗೆ ಹೊರಬಂದ ನಗು. ಅದರ ಪಕ್ಕ ಇನ್ನೊಂದು ನಗು. ಆಮೇಲೆ ಬೀದಿಯ ಎರಡೂ ಕಡೆ ಹೆಂಗಸರು ನಕ್ಕರು, ಗಂಡಸರು ಮೀಸೆಯಡಿ ನಕ್ಕರು, ಯಾರೋ ಒಬ್ಬಳು ಕೇಕೆ ಹಾಕಿದಳು, ಪ್ರತಿ ವರ್ಷ ಹಾಕುವ ಕೇಕೆ. ಅವನ ಆಸೆಯೂ ಈಡೇರಿತು. ಪ್ರತಿ ವರ್ಷದ ಹಾಗೆ ಮಂದೆಯ ಮುಂದೆ ಅವನೇ ನಡೆದ. ನೂರು ಮೀಟರ್ ಮುಂದೆ.

ಊರಾಚೆ ಸೇತುವೆ ದಾಟಿದರೆ ದಾರಿ ಒಡೆಯುತ್ತದೆ. ಎಡಕ್ಕೆ ನಮ್ಮ ಮನೆ, ಬಲಕ್ಕೆ ಹೆದ್ದಾರಿ. ಅವನು ಬಲಕ್ಕೆ ಹೋದ. ತಿರುಗಿ ನೋಡಲಿಲ್ಲ. ಒಡಹುಟ್ಟಿದವನು, ನಾನು ಎತ್ತಿ ಆಡಿಸಿದವನು. ಅವನನ್ನು ನೋಡಿ ನನಗೆ ಒಂದಿಷ್ಟೂ ಮರುಕ ಬರಲಿಲ್ಲ. ಬಂತೆಂದು ಸುಳ್ಳು ಹೇಳಲಾರೆ.

ರೆಗೀನಾಳ ಪಕ್ಕಕ್ಕೆ ಹೋದೆ.

"ನಾನು ಅಳ್ತಿದೀನಾ?" ಎಂದಳು, ಮುಂದೆ ನೋಡುತ್ತಲೇ.

"ಇಲ್ಲ."

"ಸರಿ ಹಾಗಾದ್ರೆ."

ಅಮ್ಮ ಮನೆಯ ಮೆಟ್ಟಿಲ ಮೇಲೆ ಕೂತಿದ್ದಳು. ಊರೊಳಗೆ ನಡೆದದ್ದು ಅವಳಿಗೆ ಗೊತ್ತಿರಲಿಲ್ಲ. ಅಂಗಳಕ್ಕೆ ಬಂದ ಕಿರೀಟಗಳನ್ನು ಒಂದೊಂದಾಗಿ ನೋಡಿದಳು. "ಕರುಗಳಿಗೂ ಹಾಕಿದೀರಾ," ಎಂದಳು, ಅಷ್ಟೇ. ರೆಗೀನಾಳ ಜಡೆಯಲ್ಲಿದ್ದ ಕಪ್ಪು ರಿಬ್ಬನ್ನನ್ನೂ ನೋಡಿದಳು. ನಾವು ಹಸುಗಳನ್ನು ಕೊಟ್ಟಿಗೆಗೆ ಕಟ್ಟಿದೆವು. ಬ್ಲೂಮಾಳ ಕಿರೀಟವನ್ನು ವಾಡಿಕೆಯಂತೆ ಕೊಟ್ಟಿಗೆ ಬಾಗಿಲ ಮೇಲೆ ಮೊಳೆ ಹೊಡೆದು ಸಿಕ್ಕಿಸಿದೆ. ಕೈ ತೊಳೆದು ಮನೆಯ ಮುಂದೆ ಬಂದರೆ ಯೋಸ್ಟ್ ಮತ್ತೆ ಬಂದು ನಿಂತಿದ್ದ. ಜೊತೆಗೆ ಪಾದ್ರಿ, ದಳದ ಇನ್ನಿಬ್ಬರು. ಮುಖದಲ್ಲಿ ನಗುವಿರಲಿಲ್ಲ.

"ರೆಗೀನಾ," ಎಂದ ಯೋಸ್ಟ್, "ಇಡೀ ಊರ ಮುಂದೆ ಅವನ ಮಾನ ಹೋಯ್ತು. ಇನ್ನು ಸಾಕು. ಲೆಕ್ಕ ಸರಿ ಹೋಯ್ತಲ್ಲ? ಸೋಮವಾರ ಕೋರ್ಟಿಗೆ ಹೋಗ್ಬೇಡ. ಎರಡು ವಾರ ಮುಗೀಲಿ, ಅವನು ತಲೆ ತಗ್ಗಿಸಿ ಬರ್ತಾನೆ. ನಾವು ಮಾತು ತಗೋತೀವಿ ಅವನ ಹತ್ರ."

"ಹೌದಮ್ಮ," ಎಂದರು ಪಾದ್ರಿ, ಮೆತ್ತಗೆ. "ಒಂದ್ಸಲ ಹೊಟ್ಟೆಗೆ ಹಾಕ್ಕೋ. ಬಾಗ್ಲು ತೆರೆದಿಡು. ತೆರೆದ ಬಾಗ್ಲಲ್ಲಿ ದೇವ್ರು ಬರ್ತಾನೆ."

ರೆಗೀನಾ ಬಾಯಿ ತೆರೆಯುವ ಮೊದಲೇ ಮೆಟ್ಟಿಲ ಮೇಲಿದ್ದ ಅಮ್ಮ ಎದ್ದಳು. ಗೋಡೆ ಹಿಡಿದುಕೊಂಡು ಎದ್ದಳು. ಏಪ್ರನ್ನಿನ ಕೆಳಗೆ, ಲಂಗದ ಜೇಬಿಗೆ ಕೈ ಹಾಕಿ ಒಂದು ಕಬ್ಬಿಣದ ಬೀಗದ ಕೈ ಹೊರತೆಗೆದಳು. ಅಂಗೈಗಿಂತ ಉದ್ದದ್ದು. ನಾನು ಹುಟ್ಟಿದ ಮೇಲೆ ಅದನ್ನು ಕಂಡದ್ದೇ ಅವತ್ತು.

"ಕಳೆದುಹೋಯ್ತು ಅಂದಿದ್ದೆ," ಎಂದಳು ಅಮ್ಮ. ಯಾರಿಗೆ ಹೇಳುತ್ತಿದ್ದಾಳೆಂದು ಮೊದಲು ತಿಳಿಯಲಿಲ್ಲ. ಅವಳು ನೋಡುತ್ತಿದ್ದುದು ಪಾದ್ರಿಯನ್ನು. "ಒಂದ್ಸಲ ನಾನೂ ಬೀಗ ಹಾಕಿದ್ದೆ ಫಾದರ್. ಇವಳಪ್ಪ ಹೊರಗಿದ್ದ. ಬೆಳಗಾಗ್ತಿದ್ದ ಹಾಗೆ ನಾಲ್ಕು ಜನ ಬಂದ್ರು. ಆಗಿನ ಪಾದ್ರಿನೂ ಬಂದಿದ್ರು. ಒಳ್ಳೆ ಮಾತೇ ಆಡಿದ್ರು, ನಿಮ್ಮ ಹಾಗೇ. ಅವನ ಹತ್ರ ಮಾತು ತಗೊಂಡಿದೀವಿ ಅಂದ್ರು. ತೆಗೆದೆ." ಅವಳು ತೋಳು ಮೇಲಕ್ಕೆ ಸರಿಸಿದಳು. ಸೊಟ್ಟ ಕೈಯನ್ನು ಎಲ್ಲರ ಮುಂದೆ, ಹಗಲು ಬೆಳಕಿನಲ್ಲಿ ಎತ್ತಿ ಹಿಡಿದಳು. "ಆ ನಾಲ್ಕೂ ಜನ ಗೇಟು ದಾಟೋವರೆಗೂ ಅವನು ಕಾದ. ಆಮೇಲೆ ಬಾಗ್ಲು ತೆಗೆದ ಕೈಯನ್ನೇ ಮುರಿದ."

ಇಷ್ಟು ವರ್ಷ ಆ ಕೈಯನ್ನು ಊರಿಗೆಲ್ಲ ತೋರಿಸಿದವಳು ನಾನು, ಅದನ್ನು ಅಪ್ಪ ಯಾಕೆ ಮುರಿದನೆಂದು ನನಗೇ ಗೊತ್ತಿರಲಿಲ್ಲ.

"ಒಳಗೆ ನಡೀರಿ," ಎಂದಳು ಅಮ್ಮ ನಮಗೆ.

ನಾವು ಒಳಗೆ ಹೋದೆವು. ಅವಳು ಬಾಗಿಲು ಹಾಕಿ ಬೀಗದ ಕೈ ತೂರಿಸಿದಳು. ತುಕ್ಕು ಹಿಡಿದು ತಿರುಗಲಿಲ್ಲ. ರೆಗೀನಾ ಅಡುಗೆಮನೆಯಿಂದ ಹಂದಿಕೊಬ್ಬು ತಂದಳು, ನಾನು ಅದನ್ನು ಬೀಗದ ಕೈಗೆ ಬಳಿದೆ, ಅಮ್ಮ ಮತ್ತೆ ತೂರಿಸಿದಳು. ಈ ಸಲ ಅವಳ ಸೊಟ್ಟ ಕೈಯ ಮೇಲೆ ರೆಗೀನಾ ತನ್ನ ಕೈ ಇಟ್ಟು ತಿರುಗಿಸಿದಳು. ಬೀಗ ಬಿತ್ತು.

"ಸೋಮವಾರ ಬಸ್ಸು ಎಷ್ಟು ಹೊತ್ತಿಗೆ?" ಎಂದಳು ಅಮ್ಮ.

"ಏಳಕ್ಕೆ."

"ನಾನೂ ಬರ್ತೀನಿ. ಜಡ್ಜಿಗೆ ಈ ಕೈ ತೋರಿಸ್ಬೇಕು."

ಹೊರಗೆ ಯೋಸ್ಟ್ ಬಾಗಿಲು ತಟ್ಟಿದ. ಮೊದಲು ಮೆಲ್ಲಗೆ, ಆಮೇಲೆ ಸ್ವಲ್ಪ ಜೋರಾಗಿ. ರೆಗೀನಾ ಅಭ್ಯಾಸಬಲದಿಂದ ಒಂದು ಹೆಜ್ಜೆ ಬಾಗಿಲ ಕಡೆ ಇಟ್ಟಳು. ಅಮ್ಮ ಅವಳ ತೋಳು ಹಿಡಿದುಕೊಂಡಳು.

"ತೆಗೀಬೇಡ," ಎಂದಳು. "ತಟ್ಟಿ ತಟ್ಟಿ ಹೋಗ್ತಾರೆ."